ಆಕ್ಸಿಟೋಸಿನ್ ಕೊಟ್ಟರೂ ರಕ್ತ ನಿಲ್ಲದಿದ್ದರೆ
ಬಹುಶಃ ಗರ್ಭಕೋಶ ಬಿಗಿಯಾಗದೆ ಮೆತ್ತಗೇ ಉಳಿದುಬಿಟ್ಟಿದೆ. ಹೆರಿಗೆ ಆದ ಕೂಡಲೇ ಗರ್ಭಕೋಶ ಬಿಗಿ ಮಾಡುವ ಔಷಧಿ ಆಕ್ಸಿಟೋಸಿನ್ 10 ಯೂನಿಟ್ ಕೊಟ್ಟರೂ ರಕ್ತ ನಿಲ್ಲಲಿಲ್ಲ, ಬಾಣಂತಿಗೆ ಬಿಪಿ ಬೇರೆ ಇತ್ತು ಅಂದಿದ್ದೀರಿ. ಇಂಥ ಕಡೆ ಮೊದಲ ಅನುಮಾನ ಅದೇ.

ಮೊದಲು ವೈದ್ಯರನ್ನು ಕರೆಸಿ. ಹೊಟ್ಟೆಯ ಮೇಲಿಂದ ಗರ್ಭಕೋಶ ತಿಕ್ಕುತ್ತಾ ಆಕ್ಸಿಟೋಸಿನ್ ಡ್ರಿಪ್ ಶುರು ಮಾಡಿ. ಜೊತೆಗೇ ರಕ್ತದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, ರಕ್ತನಾಳಕ್ಕೆ, 10 ನಿಮಿಷದಲ್ಲಿ ನಿಧಾನವಾಗಿ. ಇದನ್ನು ಕೊನೆಗೆ ಅಂತ ಎತ್ತಿಡುವವರೇ ಜಾಸ್ತಿ, ಅದು ತಪ್ಪು. ಹೆರಿಗೆಯಾಗಿ 3 ಗಂಟೆಯೊಳಗೆ ಕೊಡಬೇಕು, ತಡವಾದಷ್ಟೂ ಅದರ ಲಾಭ ಕರಗುತ್ತದೆ. 30 ನಿಮಿಷದ ಮೇಲೂ ರಕ್ತ ಹೋಗುತ್ತಿದ್ದರೆ ಇನ್ನೊಂದು 1 ಗ್ರಾಂ.

ಗರ್ಭಕೋಶ ಬಿಗಿ ಮಾಡುವ ಇನ್ನೊಂದು ಔಷಧಿ ಮೆಥೈಲ್ ಎರ್ಗೊಮೆಟ್ರಿನ್ ಬಿಪಿ ಏರಿಸುತ್ತದೆ, ಈಕೆಗೆ ಬಿಪಿ ಇರುವುದರಿಂದ ಅದು ಬೇಡವೇ ಬೇಡ. ಬದಲಿಗೆ ಮಿಸೊಪ್ರೊಸ್ಟಾಲ್ 800 ಮೈಕ್ರೊಗ್ರಾಂ ನಾಲಿಗೆ ಕೆಳಗೆ ಇಡಬಹುದು. ನಡುಕ, ಜ್ವರ ಬರಬಹುದು, ಗಾಬರಿ ಬೇಡ. ಇದೇ ಕೆಲಸದ ಕಾರ್ಬೊಪ್ರೊಸ್ಟ್ ಆದರೆ ಆಸ್ತಮಾ ಇಲ್ಲ ಅಂತ ಕೇಳಿಕೊಂಡೇ ಕೊಡಿ.

ನೋಡದೆ ಖಚಿತವಾಗಿ ಹೇಳಲಾರೆ. ಗರ್ಭಕೋಶ ಗಟ್ಟಿಯಾಗಿದ್ದೂ ರಕ್ತ ಹರಿಯುತ್ತಿದ್ದರೆ ಎಲ್ಲೋ ಹರಿದಿರಬಹುದು, ಇಲ್ಲವೇ ಕಸದ (ಮಾಸಿನ) ಚೂರು ಒಳಗೆ ಉಳಿದಿರಬಹುದು. ಆಗ ಗರ್ಭಕೋಶ ಬಿಗಿ ಮಾಡುವ ಔಷಧಿ ಸುಮ್ನೆ ಸುರಿದರೆ ಸಾಲದು, ಹೊಲಿಗೆಯೋ ಒಳಗಿನದನ್ನು ತೆಗೆಯುವುದೋ ಆಗಬೇಕು.

ಆಮೇಲೆ ಫ್ರಿಜ್ ಕೂಡ ನೋಡಿ. ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಸೆಕೆಯಲ್ಲಿ ಹೊರಗಿಟ್ಟದ್ದು ಕೈಕೊಡುತ್ತದೆ.