ಕಲಸಿದ ಡಬ್ಬಿ ಹಾಲು ಎಷ್ಟು ಹೊತ್ತು ಇಡಬಹುದು?

ಪ್ರಶ್ನೆ: ಅಕ್ಕಾರ, ನನ್ನ ಕೂಸಿಗೆ ಎರಡು ತಿಂಗಳು. ಎದೆಹಾಲು ಸಾಲುತ್ತಿಲ್ಲವೆಂದು ಡಾಕ್ಟರು ಡಬ್ಬಿ ಹಾಲು ಬರೆದುಕೊಟ್ಟಿದ್ದಾರೆ. ನಮ್ಮದು ಪತ್ರಾಸಿನ ಮನೆ, ಮಧ್ಯಾಹ್ನ ಒಳಗೆ ಕೂರಲಾಗದಷ್ಟು ಸೆಕೆ. "ಡಬ್ಬಿ ಫ್ರಿಜ್ಜಿನಾಗ ಇಡು, ಕೆಡಂಗಿಲ್ಲ" ಅಂತಾರೆ ಅತ್ತೆ. ರಾತ್ರಿ ಮಲಗುವಾಗಲೇ ಒಂದು ಬಾಟಲಿ ಕಲಸಿ ತಲೆದಿಂಬಿನ ಹತ್ತಿರ ಇಟ್ಟುಕೊಂಡು, ಎರಡು ಗಂಟೆಗೆ ಕೂಸು ಎದ್ದಾಗ ಕುಡಿಸುತ್ತೇನೆ. ಮುಂದಿನ ವಾರ ಇಂಡಿಗೆ, ತವರಿಗೆ ಹೊರಟಿದ್ದೇನೆ. ವಿಜಯಪುರದಲ್ಲಿ ಬಸ್ಸು ಬದಲಿಸಬೇಕು. ಹಾಲು ಹೇಗೆ ಒಯ್ಯಲಿ?
– ಒಬ್ಬ ತಾಯಿ, ಜಮಖಂಡಿ

ಉತ್ತರ: ತಂಗೀ, ಆ ತಲೆದಿಂಬಿನ ಬಾಟಲಿ ಇವತ್ತಿಗೇ ನಿಲ್ಲಲಿ. ನನಗೆ ಗಾಬರಿ ಆದದ್ದು ಅದನ್ನೋದಿ, ಡಬ್ಬಿಯ ವಿಷಯಕ್ಕಲ್ಲ.

ಹಾಲಿನ ಪುಡಿ ಸೀಲು ಒಡೆಯುವ ಮೊದಲೂ ಪೂರ್ತಿ ಕ್ರಿಮಿರಹಿತವಲ್ಲ. ಕ್ರೊನೊಬ್ಯಾಕ್ಟರ್, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಒಣ ಪುಡಿಯಲ್ಲೂ ಬದುಕಿರಬಲ್ಲವು. ನೀರು ಬಿದ್ದು ಬೆಚ್ಚಗಾಯಿತೋ, ಬೆಳೆಯಲು ಶುರು. ಎಳೆಗೂಸುಗಳಿಗೆ ಇದರಿಂದ ಜೀವಕ್ಕೇ ಅಪಾಯ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರ ಮಾರ್ಗಸೂಚಿಯಲ್ಲಿ ಕನಿಷ್ಠ 70 ಡಿಗ್ರಿ ಬಿಸಿಯ ನೀರಿನಲ್ಲೇ ಕಲಸಬೇಕೆಂದು ಹೇಳಿತು. ಥರ್ಮಾಮೀಟರ್ ಏನೂ ಬೇಡ. ನೀರು ಕೊತಕೊತ ಕುದಿಸಿ ಇಳಿಸಿ, ಅರ್ಧ ಗಂಟೆಯೊಳಗೆ ಕಲಸು. ಕುದಿಸಿ ತೊಳೆದ ಬಾಟಲಿಗೆ ಮೊದಲು ನೀರು, ಆಮೇಲೆ ಪುಡಿ. ಬಾಟಲಿಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡಿ ಕುಡಿಸು. ಕಲಸಿದ ಎರಡು ಗಂಟೆಯೊಳಗೆ ಮುಗಿಯಬೇಕು, ಕೂಸು ಬಾಯಿ ಹಚ್ಚಿದ ಮೇಲೆ ಒಂದೇ ಗಂಟೆ. ಉಳಿದದ್ದನ್ನು ಚೆಲ್ಲು. ಡಬ್ಬಿಯ ಬೆಲೆ ನನಗೂ ಗೊತ್ತು, ಆದರೂ ಚೆಲ್ಲು.

ಕಲಸಿದ ಹಾಲು 5 ಡಿಗ್ರಿ ತಂಪಿನ ಫ್ರಿಜ್ಜಿನಲ್ಲಿ 24 ಗಂಟೆ ಇರುತ್ತದೆ ನಿಜ. ಆದರೆ ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಮಾಡುವಾಗ ಅದನ್ನು ನಂಬಲು ನಾನು ಹೇಳುವುದಿಲ್ಲ.

ಇನ್ನು ಡಬ್ಬಿ. ಅತ್ತೆಯವರ ಕಾಳಜಿ ದೊಡ್ಡದು, ಆದರೆ ಫ್ರಿಜ್ಜು ಬೇಡ. ತಂಪಿನಿಂದ ಸೆಕೆಗೆ ತೆಗೆದಾಗಲೆಲ್ಲ ಡಬ್ಬಿ ಬೆವರುತ್ತದೆ, ಪುಡಿ ಗಂಟು ಕಟ್ಟುತ್ತದೆ. ಒಲೆಯಿಂದ, ಕಿಟಕಿಯ ಬಿಸಿಲಿನಿಂದ ದೂರ, ಮನೆಯಲ್ಲಿ ಎಲ್ಲಿ ತಂಪೋ ಅಲ್ಲಿ ಕೆಳಗಿನ ಕಪಾಟಿನಲ್ಲಿಡು. ಪತ್ರಾಸಿಗೆ ಹತ್ತಿರದ ಅಟ್ಟ ಬೇಡವೇ ಬೇಡ. ಸ್ಟೀಲ್ ಡಬ್ಬಿಗೆ ಸುರಿಯಬೇಡ, ಅವಧಿ ಮುಗಿಯುವ ದಿನಾಂಕ ಮೂಲ ಡಬ್ಬಿಯ ಮೇಲೇ ಇರುತ್ತದೆ. ಒಡೆದ ದಿನವನ್ನು ಮುಚ್ಚಳದ ಮೇಲೆ ಪೆನ್ನಿನಿಂದ ಬರೆ. ಒಂದು ತಿಂಗಳು ಮೀರಬಾರದು, ಲೇಬಲ್ಲು ಅದಕ್ಕಿಂತ ಕಡಿಮೆ ಹೇಳಿದ್ದರೆ ಅದೇ ಸರಿ.

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದಾಗ ಮತ್ತೆ ಮತ್ತೆ ಕಂಡದ್ದೊಂದಿದೆ. ಬಾಟಲಿಯ ಬಾಯಿಗೆ ತಾಗುವಂತೆ ಚಮಚ ಹಿಡಿದು ಪುಡಿ ಹಾಕುತ್ತಾರೆ. ಹಬೆ ತಾಗಿ ಚಮಚ ಒದ್ದೆಯಾಗಿ, ತಳದಲ್ಲಿ ಪುಡಿ ಮೆತ್ತಿಕೊಳ್ಳುತ್ತದೆ. ಅದೇ ಚಮಚ ಮತ್ತೆ ಡಬ್ಬಿಯೊಳಗೆ! ಸ್ವಲ್ಪ ಮೇಲಿಂದ ಹಾಕು, ಒದ್ದೆ ಅನಿಸಿದರೆ ಒರೆಸದೆ ತೊಳೆದು ಪೂರ್ತಿ ಒಣಗಿಸು.

ಪ್ರತಿ ಸಲವೂ ಮೊದಲು ಎದೆಗೆ ಹಚ್ಚು. ಕೂಸು ಚೀಪಿದಷ್ಟೂ ಹಾಲು ಬರುತ್ತದೆ. ಜ್ವರ ಬಂದರೆ, ಹಾಲು ಒಲ್ಲೆನೆಂದರೆ, ಮೈ ಸಡಿಲಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗು.

ರಾತ್ರಿಗೂ ಬಸ್ಸಿಗೂ ಉಪಾಯ ಒಂದೇ. ಆಗಷ್ಟೇ ಕುದ್ದ ನೀರನ್ನು ಒಳ್ಳೆಯ ಥರ್ಮಾಸಿಗೆ ತುಂಬ ಹಾಕಿ ಬಿಗಿಮಾಡು, ಕೆಲವು ಗಂಟೆ ಬಿಸಿ ನಿಲ್ಲುತ್ತದೆ. ಒಂದು ಸಲಕ್ಕಾಗುವ ಪುಡಿಯನ್ನು ಒಣಗಿದ ಪುಟ್ಟ ಡಬ್ಬಿಯಲ್ಲಿ ಬೇರೆ ಇಟ್ಟುಕೋ. ಕೂಸು ಅತ್ತಾಗಲೇ ಕಲಸು. ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಹೋಟೆಲಿನ ಬಿಸಿನೀರು ತೆಗೆದುಕೊಳ್ಳಬೇಡ, ಅದು ಕುದ್ದದ್ದೋ ಬರೀ ಕಾದದ್ದೋ ನೋಡಿ ಹೇಳಲಾಗದು.