ಐಟಿಐ ಎಲೆಕ್ಟ್ರಿಷಿಯನ್ ವಿದ್ಯಾರ್ಥಿಗಳನ್ನು ಪರಿಸರಸ್ನೇಹಿ ಕೆಲಸಕ್ಕೆ ಸೆಳೆಯುವುದು ಹೇಗೆ, ಕೆಲಸ ಹುಡುಕುವುದು ಎಲ್ಲಿ?

ನೀವು ತಾಲೂಕು ಕೇಂದ್ರದ ಐಟಿಐನಲ್ಲಿ ಪಾಠ ಮಾಡುತ್ತೀರಿ. ‘ಪರಿಸರಸ್ನೇಹಿ ಉದ್ಯೋಗ’ ಅಂದ ಕೂಡಲೇ ಮಕ್ಕಳು ಗಿಡ ನೆಡೋ ಕೆಲಸ ಅಂದುಕೊಂಡು ಎದ್ದು ಹೋಗುತ್ತಾರೆ ಅಂತ ಬರೆದಿದ್ದೀರಿ. ಹಾಗಾದರೆ ಆ ಪದವನ್ನೇ ಬಿಟ್ಟುಬಿಡಿ. ನಿಮ್ಮ ಟ್ರೇಡಿಗೆ ತೀರಾ ಹತ್ತಿರದ ಕೆಲಸ ಛಾವಣಿ ಸೋಲಾರ್. ಅವರಿಗೆ ಗೊತ್ತಿರುವ ವೈರಿಂಗ್ ಮೇಲೆ ಡಿಸಿ (ಒಂದೇ ದಿಕ್ಕಿಗೆ ಹರಿಯುವ) ವಿದ್ಯುತ್ತಿನ ನಾಲ್ಕು ಪಾಠ ಸೇರಿಸಿದರೆ ಸಾಕು. ಭಾಷಣಕ್ಕಿಂತ ಒಂದು ಪ್ಯಾನಲ್ ಕೆಲಸ ಮಾಡುತ್ತದೆ.

540 ವಾಟಿನ ಒಂದು ಹಾಫ್‌ಕಟ್ ಪ್ಯಾನಲ್ (ಮೇಲಿನ ಅರ್ಧ, ಕೆಳಗಿನ ಅರ್ಧ ಸಮಾನಾಂತರವಾಗಿ ಜೋಡಿಸಿರುವಂಥದ್ದು), ಮಲ್ಟಿಮೀಟರ್, ತಂತಿಯನ್ನು ಸುತ್ತಿ ಹಿಡಿದು ಡಿಸಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್, ಸಂಪರ್ಕ ಕಡಿಯುವ ಒಂದು ಡಿಸಿ ಐಸೊಲೇಟರ್ ಸ್ವಿಚ್ ತನ್ನಿ. (ಲ್ಯಾಬಿನಲ್ಲಿರುವ ಸಾಮಾನ್ಯ ಕ್ಲಾಂಪ್ ಮೀಟರ್ ಬರೀ ಎಸಿ, ಅಂದರೆ ಮನೆಯ ಲೈನಿನ ಕರೆಂಟ್, ಓದುತ್ತದೆ, ಇದರಲ್ಲೇ ಬಹಳಷ್ಟು ಜನ ಎಡವುತ್ತಾರೆ.) ಮಧ್ಯಾಹ್ನ ಪ್ಯಾನಲನ್ನು ಬಿಸಿಲಿಗಿಟ್ಟು ವೋಲ್ಟೇಜ್ ಅಳೆಯಿಸಿ. ಹಿಂಬದಿಯ ಲೇಬಲ್ ಮೇಲೆ 49 ಅಂತಿದ್ದರೂ ಮೀಟರ್ 45ರ ಆಸುಪಾಸು ತೋರಿಸುತ್ತದೆ, ಯಾಕೆಂದರೆ ಕಾದಷ್ಟೂ ಸೆಲ್ಲಿನ ವೋಲ್ಟೇಜ್ ಇಳಿಯುತ್ತದೆ. ಈಗ ಪ್ಯಾನಲಿನ ಕೆಳಗಿನ ಅರ್ಧವನ್ನು ಗೋಣಿತಾಟಿನಿಂದ ಪೂರ್ತಿ ಮುಚ್ಚಿ ಮತ್ತೆ ಅಳೆಯಿಸಿ. ವೋಲ್ಟೇಜ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ! ಆಮೇಲೆ ಐಸೊಲೇಟರ್ ಮೂಲಕ ಎರಡು ತುದಿ ಜೋಡಿಸಿ, ಸ್ವಿಚ್ ಹಾಕಿ, ಕ್ಲಾಂಪಿನಿಂದ ಕರೆಂಟ್ ಓದಿಸಿ: ಗೋಣಿ ತೆಗೆದಾಗ 13 ಆಂಪಿಯರ್ ಹತ್ತಿರ, ಹಾಕಿದಾಗ ಸುಮಾರು ಅರ್ಧ. ವೋಲ್ಟೇಜ್ ಮಾತ್ರ ನೋಡಿ ‘ಪ್ಯಾನಲ್ ಸರಿಯಾಗಿದೆ’ ಅಂತ ಹೇಳಿ ಹೋಗುವ ಟೆಕ್ನಿಷಿಯನ್ ಯಾಕೆ ತಪ್ಪು ಅನ್ನೋದು ಹತ್ತು ನಿಮಿಷದಲ್ಲಿ ತಲೆಗೆ ಹೋಗುತ್ತದೆ.

ತಂತಿಯನ್ನು ಕೈಯಲ್ಲಿ ಎಳೆದು ಬಿಡಿಸಲು ಮಾತ್ರ ಬಿಡಬೇಡಿ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನಾಗೇ ಆರುತ್ತದೆ; ಡಿಸಿ ಸೊನ್ನೆಗೆ ಬರುವುದೇ ಇಲ್ಲ, ಕಿಡಿ ಉರಿಯುತ್ತಲೇ ಇರುತ್ತದೆ. 3 ಕಿಲೋವಾಟ್ ಸೋಲಾರ್ ಇರುವ ಮನೆಯಲ್ಲಿ ಇಂಥ ಆರು ಪ್ಯಾನಲ್ ಸರಣಿಯಲ್ಲಿದ್ದರೆ ಹತ್ತಿರ ಹತ್ತಿರ 300 ವೋಲ್ಟ್. ಅಲ್ಲಿ ಮೊದಲು (ಡಿಸಿಯನ್ನು ಎಸಿ ಮಾಡುವ) ಇನ್ವರ್ಟರಿನ ಎಸಿ ಆರಿಸಿ, ನಂತರ ಡಿಸಿ ಐಸೊಲೇಟರ್, ಕೊನೆಗೆ ಕನೆಕ್ಟರ್. ಈ ಕ್ರಮ ಬಾಯಿಪಾಠ ಆಗಿರಬೇಕು. ಪ್ಯಾನಲ್ ತಂತಿಗಳನ್ನು ಜೋಡಿಸುವ ಎಂಸಿ4 ಕನೆಕ್ಟರನ್ನು ಇಕ್ಕಳದಲ್ಲಿ ಒತ್ತಿ ಕೂರಿಸುವುದು, ಒಂದು ಕಂಪನಿಯ ಗಂಡಿಗೆ ಇನ್ನೊಂದರ ಹೆಣ್ಣು ಸೇರಿಸುವುದು, ಎರಡೂ ಬೇಡ. ಸಂಪರ್ಕ ಸಡಿಲವಾಗಿ, ಕಾದು, ಒಂದು ದಿನ ಕರಗುತ್ತದೆ.

ಇನ್ನು ಕೆಲಸ ಹುಡುಕುವ ವಿಚಾರ. 2024ರ ಫೆಬ್ರುವರಿಯಲ್ಲಿ ಶುರುವಾದ, ಮನೆ ಛಾವಣಿ ಸೋಲಾರಿಗೆ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆಯ ಪೋರ್ಟಲಿನಲ್ಲಿ ನೋಂದಾಯಿತ ಅಳವಡಿಕೆದಾರರ ಪಟ್ಟಿ ಇದೆ. ಗ್ರಾಹಕರಿಗೆಂದು ಮಾಡಿದ್ದು, ಆದರೆ ಉದ್ಯೋಗ ಹುಡುಕುವವರಿಗೆ ಅದಕ್ಕಿಂತ ಒಳ್ಳೆ ಪಟ್ಟಿ ಸಿಗಲಿಕ್ಕಿಲ್ಲ. ನಿಮ್ಮ ಸುತ್ತಮುತ್ತಲಿನವರಿಗೆ ಫೋನ್ ಮಾಡಿ. ‘ಕೆಲಸ ಇದೆಯಾ’ ಅನ್ನಬೇಡಿ, ‘ಸರ್ವಿಸಿಗೆ ಯಾರಿದ್ದಾರೆ’ ಅಂತ ಕೇಳಿ. ಸಬ್ಸಿಡಿ ಪಡೆದ ಪ್ರತಿ ಘಟಕಕ್ಕೂ ಐದು ವರ್ಷದ ನಿರ್ವಹಣೆ ಅವರ ಹೊಣೆ. ಹೊಸ ಅಳವಡಿಕೆ ಆರ್ಡರ್ ಬಂದಾಗ ಇರುತ್ತದೆ, ಇಲ್ಲದಾಗ ಇಲ್ಲ, ಸರ್ವಿಸ್ ತಪ್ಪುವುದಿಲ್ಲ.

ಸಬ್ಸಿಡಿ 3 ಕಿಲೋವಾಟಿಗೆ ₹78,000 ಸಿಕ್ಕರೂ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯವರು ಸುಲಭಕ್ಕೆ ಒಪ್ಪುವುದಿಲ್ಲ. ಹಾಗಾಗಿ ಕಲ್ಯಾಣ ಮಂಟಪ, ಶಾಲೆ, ಅಕ್ಕಿ ಗಿರಣಿ, ಕೃಷಿ ಪಂಪು ಮಾಡುವ ಅಳವಡಿಕೆದಾರರನ್ನು ಮೊದಲು ಹಿಡಿಯಿರಿ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟ್, ಸುಮಾರು 13,000 ಎಕರೆ. ಆದರೆ ಆ ಗಾತ್ರ ತೋರಿಸಿ ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಅಷ್ಟು ದೊಡ್ಡ ಪಾರ್ಕ್ ಕಟ್ಟಿ ಮುಗಿದ ಮೇಲೆ ಮೆಗಾವಾಟಿಗೆ ಬೇಕಾಗುವ ತಾಂತ್ರಿಕ ಕೈಗಳು ಕಡಿಮೆ. ಬಿಡಿಬಿಡಿಯಾಗಿ ಸಾವಿರ ಛಾವಣಿ ಇದ್ದರೆ ಹೆಚ್ಚು ಜನಕ್ಕೆ ಅನ್ನ.

ವೈರ್‌ಮನ್ ಪರ್ಮಿಟ್ ಅನ್ನು ವಿದ್ಯುತ್ ಪರಿವೀಕ್ಷಣಾಲಯದಿಂದ ಮಾಡಿಸಿಡಿ. ಮುಂದೆ ಸ್ವಂತ ಗುತ್ತಿಗೆ ಹಿಡಿಯುವ ಆಸೆ ಇದ್ದರೆ ಇದು ಮೊದಲ ಮೆಟ್ಟಿಲು. ಕೇಂದ್ರ ಸರ್ಕಾರದ ಸೂರ್ಯಮಿತ್ರ ಸೋಲಾರ್ ತರಬೇತಿ ಉಚಿತ, ವಸತಿ ಸಹಿತ. ಹತ್ತಿರದಲ್ಲಿ ಬ್ಯಾಚ್ ನಡೆಯುತ್ತಿದೆಯೇ ನೋಡಿ. ಹಣ ಕೇಳುವ ಖಾಸಗಿ ಕೋರ್ಸಾದರೆ ಎರಡು ಪ್ರಶ್ನೆ: ಹತ್ತಿ ಇಳಿಯಲು ಅಭ್ಯಾಸದ ಛಾವಣಿ ಇದೆಯಾ? ಒಬ್ಬೊಬ್ಬರೂ ಎಷ್ಟು ಕನೆಕ್ಟರ್ ಕ್ರಿಂಪ್ ಮಾಡುತ್ತಾರೆ (ಉಪಕರಣದಿಂದ ತಂತಿಗೆ ಒತ್ತಿ ಕೂರಿಸುತ್ತಾರೆ)? ಉತ್ತರಕ್ಕೆ ತಡವರಿಸಿದರೆ ಅಲ್ಲಿ ಸಿಗುವುದು ಬರೀ ಕಾಗದ.

ಮಕ್ಕಳ ಮನೆಯವರ ಭಯ ಕರೆಂಟಿನದ್ದಲ್ಲ, ಬೀಳುವುದರದ್ದು. ಅದು ಸರಿಯಾದ ಭಯವೇ. ಪೂರ್ಣ ದೇಹದ ಹಾರ್ನೆಸ್ ಕೊಡದ ಕಡೆ ಹುಡುಗರನ್ನು ಕಳಿಸಬೇಡಿ. ಸಿಮೆಂಟ್ ಶೀಟಿನ ಮೇಲೆ ಕಾಲಿಡುವುದಿದ್ದರೆ ಮೊಳೆ ಸಾಲಿನ ಮೇಲೆ ಮಾತ್ರ, ಕೆಳಗೆ ತೊಲೆ ಇರುವುದು ಅಲ್ಲೇ. ನಡುವೆ ಇಟ್ಟರೆ ಶೀಟು ಒಡೆದು ಕೆಳಗಿನ ನೆಲ ಕಾಣುತ್ತದೆ.