ಸಂಪಾದಕರ ಉತ್ತರ: ನಿಮ್ಮ ಕೈಯಡುಗೆಯ ತಪ್ಪಲ್ಲ, ಅಕ್ಕಾ

ಅಂಕೋಲೆ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಯಜಮಾನರಿಗೆ ಶುಗರ್ ಬಂದು ಹದಿಮೂರು ವರ್ಷ. ಇಲ್ಲಿಯವರೆಗೆ ಗುಳಿಗೆಯಲ್ಲೇ ನಡೆದಿತ್ತು. ಹೋದ ತಿಂಗಳು ಡಾಕ್ಟರು ಇನ್ಸುಲಿನ್ ಶುರು ಮಾಡೋಣ ಎಂದರಂತೆ. ಅವತ್ತಿನಿಂದ ಯಜಮಾನರು ಸರಿಯಾಗಿ ಮಾತಾಡುತ್ತಿಲ್ಲ. ತಾಳಮದ್ದಲೆಗೆ ಮದ್ದಲೆ ಬಾರಿಸಲು ಹೋಗುತ್ತಿದ್ದವರು ಅದನ್ನೂ ಬಿಟ್ಟಿದ್ದಾರೆ. ನಾಲ್ಕು ಜನರ ನಡುವೆ ಸೂಜಿ ಚುಚ್ಚಿಕೊಳ್ಳುವುದು ಹೇಗೆ ಎಂಬ ಸಂಕೋಚ. ನೆಂಟರೊಬ್ಬರು ಒಂದು ಪುಡಿ ತಂದುಕೊಟ್ಟು, ಇದನ್ನು ತಿಂದರೆ ಇನ್ಸುಲಿನ್ ಬೇಡವೇ ಬೇಡ ಎಂದಿದ್ದಾರೆ. ಪತ್ರದ ಕೊನೆಯ ಸಾಲು ಇದು: 'ಮೂವತ್ತು ವರ್ಷ ಅವರಿಗೆ ಬಡಿಸಿದವಳು ನಾನು. ನನ್ನ ಕೈಯಡುಗೆಯಿಂದಲೇ ಹೀಗಾಯಿತಾ?'

ಅಕ್ಕಾ, ಆ ಸಾಲಿಗೇ ಮೊದಲು ಉತ್ತರ ಹೇಳುತ್ತೇನೆ. ಇಲ್ಲ. ನಿಮ್ಮಿಂದ ಆಗಿದ್ದಲ್ಲ. ನಿಮ್ಮ ಯಜಮಾನರು ಸೋತದ್ದೂ ಅಲ್ಲ.

ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ಬ್ರಿಟನ್ನಿನಲ್ಲಿ 1977ರಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಆಗಷ್ಟೇ ಟೈಪ್ 2 ಮಧುಮೇಹ, ಅಂದರೆ ಹೆಚ್ಚಾಗಿ ದೊಡ್ಡವರಲ್ಲಿ ಕಾಣುವ ಶುಗರ್, ಗೊತ್ತಾದ 5,102 ಜನರನ್ನು ಸೇರಿಸಿಕೊಂಡು ಇಪ್ಪತ್ತು ವರ್ಷ ನಡೆಸಿದರು. ಯುಕೆಪಿಡಿಎಸ್ ಎಂದು ಅದರ ಹೆಸರು. ಅದರಲ್ಲಿ ಕಂಡದ್ದೇನೆಂದರೆ, ಕಾಯಿಲೆ ಗೊತ್ತಾಗುವ ಹೊತ್ತಿಗೇ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಶಕ್ತಿ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಆಮೇಲೂ ವರ್ಷ ಕಳೆದಂತೆ ಇಳಿಯುತ್ತಲೇ ಹೋಗುತ್ತದೆ. ಪಥ್ಯ ಮಾಡಿದವರಿಗೂ ಇಳಿಯಿತು, ಗುಳಿಗೆ ತಪ್ಪಿಸದವರಿಗೂ ಇಳಿಯಿತು. ಒಂದೇ ಔಷಧಿಯಲ್ಲಿದ್ದವರ ಪೈಕಿ 9 ವರ್ಷದ ನಂತರ ಎಚ್‌ಬಿಎ1ಸಿ ಎಂಬ ಶುಗರ್ ಪರೀಕ್ಷೆಯ ಅಂಕಿಯನ್ನು 7ರ ಕೆಳಗೆ ಉಳಿಸಿಕೊಂಡವರು ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು. ನಿಮ್ಮವರು ಹದಿಮೂರು ವರ್ಷ ನಡೆಸಿದ್ದಾರೆ! ಒಳಗೆ ತಯಾರಾಗುವುದು ಸಾಲದಾಯಿತು, ಹೊರಗಿನಿಂದ ಕೊಡಬೇಕಾಗಿದೆ. ಕಣ್ಣು ಮಂಜಾದಾಗ ಕನ್ನಡಕ ಹಾಕಿಕೊಂಡವರನ್ನು ನಾವು ಯಾರೂ ತಪ್ಪುಗಾರರಂತೆ ನೋಡುವುದಿಲ್ಲ, ಅಲ್ವಾ?

ಇನ್ಸುಲಿನ್ ಹಿಡಿದವರೆಲ್ಲ ಆಮೇಲೆ ಕಾಲು ಕಳೆದುಕೊಂಡರು, ಕಣ್ಣು ಕಳೆದುಕೊಂಡರು ಎಂದು ನಿಮ್ಮೂರಲ್ಲಿ ಹೇಳುತ್ತಾರಂತೆ. ನಮ್ಮ ಶಿರಸಿ ಕಡೆಯಲ್ಲೂ ಹೇಳುತ್ತಾರೆ. ಜನ ಕಂಡದ್ದು ಸುಳ್ಳಲ್ಲ, ಕಾರಣ ಹಿಡಿದದ್ದು ತಪ್ಪು. ಬೇಡ ಬೇಡ ಎಂದು ಐದಾರು ವರ್ಷ ಮುಂದೂಡಿ, ಅಷ್ಟರಲ್ಲಿ ನರ, ಮೂತ್ರಪಿಂಡ ಎಲ್ಲ ಕೆಟ್ಟ ಮೇಲೆ ಸೂಜಿ ಹಿಡಿಯುತ್ತಾರೆ. ಮೊದಲೇ ಆದ ಹಾನಿ ಆಮೇಲೆ ಕಾಣಿಸಿಕೊಳ್ಳುತ್ತದೆ, ಅಪವಾದ ಸೂಜಿಯ ತಲೆಗೆ ಬರುತ್ತದೆ.

ಇದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ನಮ್ಮ ಆಯಿಗೆ ಒಬ್ಬ ಡಾಕ್ಟರು, 'ಹೇಳಿದ್ದು ಕೇಳದಿದ್ದರೆ ಇನ್ಸುಲಿನ್ ಹಾಕಿಬಿಡ್ತೇನೆ ನೋಡಿ' ಎಂದಿದ್ದರು. ಮಕ್ಕಳಿಗೆ ಗುಮ್ಮನನ್ನು ತೋರಿಸಿದ ಹಾಗೆ. ಆಯಿ ಹೆದರಿಬಿಟ್ಟಳು. ರಕ್ತ ಪರೀಕ್ಷೆಗೆ ಹೋಗುವ ಮುಂಚೆ ಮೂರು ದಿನ ಉಪವಾಸದಂತೆ ಇದ್ದು, ಬಂದ ಮೇಲೆ ಮೊದಲಿನಂತೆ ಉಣ್ಣುತ್ತಿದ್ದಳು. ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಲೆಕ್ಕ ಹೇಳುವ ಪರೀಕ್ಷೆ, ಅದು ಮೂರು ದಿನದ ಉಪವಾಸಕ್ಕೆ ಮೋಸ ಹೋಗುವುದಿಲ್ಲ. ಆದರೆ ಅದನ್ನು ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಒಂದು ಸಂಜೆ ತೋಟದಿಂದ ಬಂದು ಬಚ್ಚಲಲ್ಲಿ ಕಾಲು ತೊಳೆಯುವಾಗ ನೀರು ಕೆಂಪಾಯಿತು. ನೋಡಿದರೆ ಅಂಗಾಲಿನಲ್ಲಿ ಅರ್ಧ ಬೆರಳುದ್ದದ ಮುಳ್ಳು. ಯಾವಾಗ ಚುಚ್ಚಿತು ಎಂಬುದೇ ಆಯಿಗೆ ಗೊತ್ತಿಲ್ಲ. ಕಾಲಿನ ನರ ಕೆಟ್ಟು ನೋವೇ ಆಗಿರಲಿಲ್ಲ. ಆ ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ನಡುವೆ ಇನ್ಸುಲಿನ್ ಶುರುವಾಯಿತು, ಗಾಯ ಒಣಗಿದ್ದು ಅದಾದ ಮೇಲೆಯೇ. 'ಇಷ್ಟು ಸಣ್ಣ ಸೂಜಿಯಾ?' ಎಂದು ಆಯಿ ಮೊದಲ ದಿನ ಕೇಳಿದ್ದು ಈಗಲೂ ನೆನಪಿದೆ. ಅಷ್ಟು ವರ್ಷ ಹೆದರಿಕೊಂಡಿದ್ದು ಅದಕ್ಕೆ.

ಹಾಗಾಗಿ ಯಜಮಾನರ ಕಾಲನ್ನು ದಿನವೂ ರಾತ್ರಿ ನೋಡಿ. ಬೆರಳ ಸಂದಿಯನ್ನೂ ನೋಡಿ. ಸಮುದ್ರದ ಬದಿಗೆ ಹೋದರೂ ಬರಿಗಾಲು ಬೇಡ.

ಇನ್ಸುಲಿನ್ ಎಂದರೆ ಕೊನೆಗಾಲದ ಔಷಧಿ ಎನ್ನುವವರಿಗೆ ಒಂದು ಮಾತು ಹೇಳಿ. ಅದನ್ನು ಮೊದಲು ಕೊಟ್ಟಿದ್ದು ಶುಗರ್ ಇದ್ದ 14 ವರ್ಷದ ಹುಡುಗನಿಗೆ. ಟೊರಾಂಟೊದಲ್ಲಿ, 1922ರ ಜನವರಿಯಲ್ಲಿ. ಹೆಸರು ಲಿಯೊನಾರ್ಡ್ ಥಾಂಪ್ಸನ್. ಅದಕ್ಕಿಂತ ಮುಂಚೆ ಇಂಥ ಮಕ್ಕಳಿಗೆ ಇದ್ದ ಚಿಕಿತ್ಸೆ ಎಂದರೆ ಊಟ ಕಡಿಮೆ ಮಾಡುತ್ತಾ ಹೋಗುವುದು. ಮಕ್ಕಳು ಎಲುಬಿನ ಗೂಡಾಗಿ ಕೆಲವೇ ದಿನ ಜಾಸ್ತಿ ಬದುಕುತ್ತಿದ್ದರು. ಮೊದಲ ಸಲ ಕೊಟ್ಟ ಔಷಧಿ ಸರಿಯಾಗಿ ಶುದ್ಧವಾಗಿರಲಿಲ್ಲ, ಫಲ ಸಿಗಲಿಲ್ಲ. ಕಾಲಿಪ್ ಎಂಬ ವಿಜ್ಞಾನಿ ಹಗಲೂ ರಾತ್ರಿ ಕೂತು ಶುದ್ಧ ಮಾಡಿಕೊಟ್ಟ. 12 ದಿನದ ನಂತರ ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಮತ್ತೆ 13 ವರ್ಷ ಬದುಕಿದ.

ಪುಡಿಯ ವಿಷಯ. ಗಿಡಮೂಲಿಕೆಯನ್ನು ನಾನು ಹಗುರವಾಗಿ ನೋಡುವವನಲ್ಲ. ನಿಮ್ಮವರು ದಿನಾ ನುಂಗುವ ಮೆಟ್‌ಫಾರ್ಮಿನ್ ಗುಳಿಗೆಯ ಮೂಲವೂ ಯುರೋಪಿನ ಒಂದು ಗಿಡವೇ. ಆದರೆ ಅದರಲ್ಲಿ ಎಷ್ಟಿದೆ ಎಂಬುದಕ್ಕೆ ಲೆಕ್ಕ ಇದೆ. ನೆಂಟರು ತಂದ ಪೊಟ್ಟಣದ ಮೇಲೆ ಹೆಸರೂ ಇಲ್ಲ, ಅಳತೆಯೂ ಇಲ್ಲ ಎಂದು ನೀವೇ ಬರೆದಿದ್ದೀರಿ. ಇಂಥ ಕೆಲವು ಪುಡಿಗಳಲ್ಲಿ ಶುಗರ್ ಇಳಿಸುವ ಇಂಗ್ಲಿಷ್ ಔಷಧಿಯನ್ನೇ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆ. ದಯವಿಟ್ಟು ಬೇಡ.

ಪೂರ್ತಿ ವಾಸಿಯೇ ಆಗುವುದಿಲ್ಲವಾ ಎಂದೂ ಕೇಳಿದ್ದೀರಿ. ಬ್ರಿಟನ್ನಿನಲ್ಲಿ 2017ರಲ್ಲಿ ಹೊರಬಂದ ಡೈರೆಕ್ಟ್ ಎಂಬ ಅಧ್ಯಯನದಲ್ಲಿ ದಿನಕ್ಕೆ ಸುಮಾರು 850 ಕ್ಯಾಲೊರಿಯಷ್ಟೇ ಕೊಟ್ಟು, ವೈದ್ಯರ ಕಣ್ಗಾವಲಿನಲ್ಲಿ ತೂಕ ಇಳಿಸಿದರು. ಒಂದು ವರ್ಷದ ನಂತರ ನೂರರಲ್ಲಿ 46 ಜನರಿಗೆ ಗುಳಿಗೆ ಇಲ್ಲದೆಯೇ ಶುಗರ್ ಹತೋಟಿಯಲ್ಲಿತ್ತು. ಅವರೆಲ್ಲ ಕಾಯಿಲೆ ಬಂದು ಆರು ವರ್ಷದ ಒಳಗಿನವರು, ಇನ್ಸುಲಿನ್ ಹಿಡಿಯದವರು. ಹದಿಮೂರು ವರ್ಷವಾದ ನಿಮ್ಮವರಿಗೆ ಆ ಆಸೆ ತೋರಿಸುವುದು ನ್ಯಾಯವಲ್ಲ. ನಿಮ್ಮ ಮಗನಿಗೆ ಮೂವತ್ತಾಯಿತು ಎಂದಿದ್ದೀರಿ, ಅವನಿಗೆ ಇದನ್ನು ಓದಿಸಿ. ಅಪ್ಪನಿಗೆ ಇದ್ದರೆ ಮಗನಿಗೆ ಬರುವ ಸಂಭವ ಜಾಸ್ತಿ. ಅವನೊಮ್ಮೆ ರಕ್ತ ತೋರಿಸಲಿ.

ಅಡುಗೆಯಲ್ಲಿ ಏನು ಬದಲಿಸಲಿ ಎಂದರೆ, ಜಾಸ್ತಿ ಏನೂ ಇಲ್ಲ. ಕುಚ್ಚಲಕ್ಕಿ ಗಂಜಿ ಇರಲಿ, ಬಟ್ಟಲು ಸಣ್ಣದಿರಲಿ. ಉಪ್ಪಿನಕಾಯಿ ನಂಚಿಕೊಂಡು ಗಂಜಿಯನ್ನೇ ಹೊಟ್ಟೆ ತುಂಬ ಉಣ್ಣುವ ಬದಲು ಜೊತೆಗೆ ಹೆಸರುಕಾಳಿನ ಪಲ್ಯವೋ ಬಂಗಡೆಯೋ ಇರಲಿ. ಅವರೊಬ್ಬರಿಗೇ ಬೇರೆ ತಟ್ಟೆ, ಬೇರೆ ಅಡುಗೆ ಮಾಡಬೇಡಿ. ಮನೆಯವರೆಲ್ಲ ಅದನ್ನೇ ಉಣ್ಣಿ.

ಮಳೆಗಾಲದಲ್ಲಿ ಕರೆಂಟು ಹೋದರೆ ಇನ್ಸುಲಿನ್ ಕೆಡುತ್ತದಾ ಎಂಬ ಹೆದರಿಕೆ ಬೇಡ. ಬಳಸುತ್ತಿರುವ ಸೀಸೆ ಬಿಸಿಲು, ಒಲೆಯ ಕಾವು ತಾಗದ ತಂಪು ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಇರುತ್ತದೆ. ಇನ್ನೂ ತೆರೆಯದ ಸೀಸೆಯನ್ನು ಫ್ರಿಜ್ಜಿನಲ್ಲಿಡಿ, ಐಸ್ ಕಟ್ಟುವ ಖಾನೆಯಲ್ಲಿ ಮಾತ್ರ ಇಡಬೇಡಿ.

ಇನ್ನು ಅವರ ಮೌನ. ಅದನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ತಿಳಿಯುತ್ತೇನೆ. ದಿನಾ ಲೆಕ್ಕ, ದಿನಾ ಪಥ್ಯ, ಮದುವೆ ಮನೆಯಲ್ಲಿ ಪಾಯಸ ಬಂದಾಗ ಹತ್ತು ಜನರ ಬುದ್ಧಿಮಾತು, ಇದರಿಂದ ಮನಸ್ಸು ಸೋಲುತ್ತದೆ. ಈ ಸೋಲನ್ನು ಅಳೆಯಲು ಅಮೆರಿಕದ ಸಂಶೋಧಕರು 1995ರಲ್ಲೇ ಒಂದು ಪ್ರಶ್ನಾವಳಿ ಮಾಡಿದರು. ನಮ್ಮಲ್ಲಿ ಇನ್ನೂ ಊಟ ಏನು ಮಾಡಿದಿರಿ ಎಂದು ಕೇಳುತ್ತಾರೆಯೇ ಹೊರತು ಹೇಗಿದ್ದೀರಿ ಎಂದು ಕೇಳುವವರು ಕಡಿಮೆ. ಮುಂದಿನ ಸಲ ಡಾಕ್ಟರ ಹತ್ತಿರ ನೀವೂ ಜೊತೆಗೆ ಹೋಗಿ. ಸೂಜಿ ಹಾಕುವುದನ್ನು ಇಬ್ಬರೂ ಕಲಿಯಿರಿ. ಅವರು ಮಾತಾಡದೆ ಕೂತದ್ದನ್ನೂ ಅಲ್ಲಿ ಹೇಳಿ, ಅದೂ ಕಾಯಿಲೆಯ ಭಾಗವೇ.

ತಾಳಮದ್ದಲೆಗೆ ಕಳಿಸಿಕೊಡಿ. ರಾತ್ರಿ ಎಚ್ಚರ ಇರುವ ದಿನ ಊಟ ಮತ್ತು ಇನ್ಸುಲಿನ್ ಹೇಗೆ ಎಂದು ಡಾಕ್ಟರನ್ನೇ ಕೇಳಿ. ಮದ್ದಲೆಯ ಚೀಲದಲ್ಲಿ ಮೂರು ಚಹಾ ಚಮಚ ಸಕ್ಕರೆಯ ಪೊಟ್ಟಣ ಹಾಕಿಡಿ. ಇನ್ಸುಲಿನ್ನಿನಿಂದ ಶುಗರ್ ತೀರಾ ಇಳಿದು ಮೈ ಬೆವರಿ, ಕೈ ನಡುಗಿದರೆ ಅದನ್ನು ನೀರಿಗೆ ಹಾಕಿ ಕುಡಿದು ಹದಿನೈದು ನಿಮಿಷ ಕೂರಲಿ, ಕಡಿಮೆಯಾಗದಿದ್ದರೆ ಇನ್ನೊಮ್ಮೆ. ಅದಕ್ಕೇ ಎರಡು ಪೊಟ್ಟಣ ಇರಲಿ. ಭಾಗವತರಿಗೂ ಒಂದು ಮಾತು ಮೊದಲೇ ಹೇಳಿಡಲಿ.